ಗಚ್ಚಿನ ಮಾಳಿಗೆಯಲ್ಲಿ ಹಾಡು ನಿಂತ ದಿನ

ಬೀದರ
ಜ್ಯೇಷ್ಠ ಬಹುಳ ತದಿಗೆ, ಫಸಲಿ ೧೩೩೬

ಗುರುಬಸವನನ್ನು ನೆನೆದು ಬರೆದದ್ದು.

ಠಾಣಾ ಕುಶನೂರಿನಲ್ಲಿರುವ ನನ್ನ ಮುದ್ದಿನ ತಂಗಿ ಚಿ. ಸೌ. ಕಸ್ತೂರಿಬಾಯಿಗೆ,

ನಿನ್ನ ಅಕ್ಕ ಶೇವಂತಿ ದೂರದಿಂದಲೇ ನಿನ್ನ ಎರಡೂ ಕೆನ್ನೆ ಸವರಿ ಬರೆಯುವುದು. ನಾನು, ನಿನ್ನ ಭಾವ ಇಬ್ಬರೂ ಇದ್ದೇವೆ. ನೀನು, ನಿನ್ನ ಯಜಮಾನರು, ಅತ್ತೆಯವರು ಎಲ್ಲರೂ ಸುಖವಾಗಿದ್ದೀರೆಂದು ನಿನ್ನ ಪತ್ರದಿಂದ ತಿಳಿದು ಹೊಟ್ಟೆ ತಣ್ಣಗಾಯಿತು.

ಸಿಟ್ಟಾಗಬೇಡ ಕಸ್ತೂರಿ. ನಿನ್ನ ಮೊದಲನೆಯ ಪತ್ರ ಅಕ್ಷಯ ತದಿಗೆಯ ಮರುದಿನವೇ ಬಂದಿತ್ತು. ಅಂದಿನಿಂದ ಅದು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಕುಳಿತಿತ್ತು. ದಿನವೂ ಓದುತ್ತಿದ್ದೆ, ಬರೆಯಲು ಆಗುತ್ತಿರಲಿಲ್ಲ. ಸುಣ್ಣ ತಿಂದ ಬೆರಳು ಕಲಂ ಹಿಡಿಯಲು ಒಪ್ಪುವುದಿಲ್ಲ. ಈಗಲೂ ಅಕ್ಷರಗಳು ಹೇಗೆ ಕುಣಿಯುತ್ತಿವೆ ನೋಡು. ಭಾಲ್ಕಿಯ ಮಠದ ಅಂಗಳದಲ್ಲಿ ಮರಳಿನ ಮೇಲೆ ನಮ್ಮಿಬ್ಬರ ಕೈ ಹಿಡಿದು ತಿದ್ದಿಸಿದ ಅಯ್ಯನವರು ಇದನ್ನು ಕಂಡರೆ ಕಿವಿ ಹಿಂಡುತ್ತಿದ್ದರು.

ನಿನ್ನೆ ನಿಮ್ಮೂರ ಹಾವಗೆಪ್ಪ ತೊಗರಿಯ ಬಂಡಿ ತೆಗೆದುಕೊಂಡು ಗಂಜಿನ ಪೇಟೆಗೆ ಬಂದವನು ನಿನ್ನ ಎರಡನೆಯ ಪತ್ರ ಕೊಟ್ಟು ಹೋದ. ನಾಳೆ ಮುಂಜಾನೆ ತಿರುಗಿ ಹೊರಡುತ್ತಾನಂತೆ. ಅಷ್ಟರೊಳಗೆ ಇದು ಅವನ ಕೈ ಸೇರಬೇಕು. "ಅಕ್ಕ ಏನೂ ಅನ್ನಲಿಲ್ಲ ಅಂದರೆ ಬಾ ಅಂದ ಹಾಗೆಯೇ. ಮಣ್ಣೆತ್ತಿನ ಅಮಾವಾಸ್ಯೆ ಮುಗಿಸಿ ಬಂಡಿ ಹತ್ತುತ್ತೇನೆ, ಮಾಳಿಗೆ ಬಡಿಯಲು ನಿನ್ನ ಸಾಲಿನಲ್ಲಿ ನನಗೂ ಒಂದು ಕೊಡತಿ ಹಿಡಿದಿಡು" ಎಂದು ಬರೆದಿದ್ದೀ. ಐದು ತಿಂಗಳ ಬಸುರಿ ನೀನು. ಬರಬೇಡ. ಇದನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ನೀನು ಪತ್ರ ಅರ್ಧ ಓದಿ ಕುಣಿಯುವವಳು. ಈಗ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತುಕೋ. ಯಾಕೆ ಬೇಡ ಎಂಬುದನ್ನು ಹೇಳುತ್ತೇನೆ.

ನಾನು ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೇನೆ. ಮಳೆ ಬಂದು ನಿಂತಿದೆ. ಬೀದರದ ಕೆಂಪು ಕಲ್ಲು ತೊಯ್ದಾಗ ಇಡೀ ಓಣಿ ಈಗತಾನೆ ಎಣ್ಣೆ ಹಚ್ಚಿ ನೀರೆರೆಸಿಕೊಂಡ ಕೂಸಿನ ಹಾಗೆ ಹೊಳೆಯುತ್ತದೆ. ಕಣ್ಣು ಮುಚ್ಚಿದರೆ ಕೊಡತಿಗಳ ಸದ್ದು ಕೇಳುತ್ತದೆ. ಕೆಲಸವಿಲ್ಲದ ದಿನವೂ ಕೇಳುತ್ತದೆ.

ನಾವು ಈ ಬೇಸಿಗೆಯೆಲ್ಲ ಬಡಿದದ್ದು ಚೌಬಾರಾದ ಆಚೆ ಒಬ್ಬ ಜಾಗೀರದಾರರು ಕಟ್ಟಿಸುತ್ತಿರುವ ದೊಡ್ಡಮನೆಯ, ಆ ದೇವಡಿಯ, ಮಾಳಿಗೆ. ಅಂಥ ಅಗಲದ ಮಾಳಿಗೆಯನ್ನು ನಾನು ಈ ಮೊದಲು ಹತ್ತಿರಲಿಲ್ಲ. ಹೊತ್ತು ಮೂಡುವ ಮೊದಲೇ ಏಣಿ ಏರುತ್ತಿದ್ದೆವು. ಆಗ ಕೆಳಗಿನ ಊರು ಇನ್ನೂ ಒಲೆಗಳ ಹೊಗೆಯೊಳಗೆ ಇರುತ್ತಿತ್ತು. ಮೂಡಲಿಗೆ ಅಷ್ಟೂರಿನ ಗುಮ್ಮಟಗಳು ಮಾತ್ರ ಮೇಲೆ ತೇಲುತ್ತಿದ್ದವು, ಹಾಲಿನಲ್ಲಿ ಬಿಟ್ಟ ಸೋರೆಬುರುಡೆಗಳ ಹಾಗೆ. ಅಂಗಳದಲ್ಲಿ ಎತ್ತು ಗಚ್ಚಿನ ಗಾಣ ಸುತ್ತುತ್ತಿತ್ತು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಹಾಕಿದ ನೀರು ಎಲ್ಲ ಸೇರಿ ಅರೆಯುವಾಗ ಬರುವ ವಾಸನೆ ನಿನಗೆ ಗೊತ್ತು. ಚಿಕ್ಕವಳಿದ್ದಾಗ ಅವ್ವನ ಸೆರಗಿನಲ್ಲಿ ಅದನ್ನೇ ಮೂಸುತ್ತಾ ಮಲಗುತ್ತಿದ್ದವಳು ನೀನು.

ಮೇಲೆ ಗಚ್ಚು ಸುರುವಿ ಹರಡಿದ ಮೇಲೆ ನಾವು ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಬಡಿಯುವುದು. ಬಡಿದ ಮರದ ಕೊಡತಿ ತಾನಾಗಿ ಪುಟಿದು ಮೇಲೆ ಬರುವ ತನಕ ಬಡಿಯಬೇಕು. ನಡುವೆ ಬಿಟ್ಟರೆ ಗಚ್ಚು ಬಿರಿಯುತ್ತದೆ. ಕೈಗಳೆಲ್ಲ ಒಂದೇ ಹೊತ್ತಿಗೆ ಏಳಬೇಕು, ಒಂದೇ ಹೊತ್ತಿಗೆ ಇಳಿಯಬೇಕು, ಅದಕ್ಕೇ ಹಾಡು. ಈ ಸಲ ಹಾಡು ಎತ್ತಿಕೊಡುವ ಕೆಲಸ ನನ್ನದಾಗಿತ್ತು. ನಾನೇ ಕಟ್ಟಿದ ಒಂದು ಹಾಡು ಎಲ್ಲರಿಗೂ ಬಾಯಿಗೆ ಬಂದಿತ್ತು:

ಮುಗಿಲಿನ ಮನಿಗಿ ಮಾಳಿಗಿ ಬಡಿರೇ,
ಚುಕ್ಕಿ ಸೋರದ್ಹಾಂಗ ಬಡಿರೇ.

ನಾನು ಅನ್ನುವುದು, ಅವರು ತಿರುಗಿ ಅನ್ನುವುದು. ಹೀಗೆ ಒಂದಿಷ್ಟು ಹೊತ್ತು ನಡೆದರೆ ಕಸ್ತೂರಿ, ಮೈ ಹಗುರಾಗುತ್ತದೆ. ಕೈ ನಮ್ಮದಲ್ಲ, ಮೊಣಕಾಲು ನಮ್ಮದಲ್ಲ. ಬಿಸಿಲು ಯಾರದೋ ಬೆನ್ನಿಗೆ ಬಡಿಯುತ್ತಿದೆ ಅನ್ನಿಸುತ್ತದೆ. ಮಾಳಿಗೆಯೇ ಮೆಲ್ಲಗೆ ಊರಿನಿಂದ ಬಿಡಿಸಿಕೊಂಡು ತೇಲಿದ ಹಾಗೆ. ಎಷ್ಟೋ ಸಲ ಮಧ್ಯಾಹ್ನವಾದದ್ದು ನನಗೆ ಗೊತ್ತೇ ಆಗಿಲ್ಲ. ನೀನು ಬರಬೇಕೆಂದು ಹಂಬಲಿಸುವುದು ಇದಕ್ಕೇ ಇರಬೇಕು. ದುಡ್ಡಿಗೆ ಎಂದು ನೀನು ಬರೆದಿದ್ದರೂ ನನಗೆ ನೀನು ಗೊತ್ತು.

ಆದರೆ ಹಾಡು ನೋವನ್ನು ಮರೆಸುತ್ತದೆ ಅಷ್ಟೆ, ಕಳೆಯುವುದಿಲ್ಲ. ಸಂಜೆ ಕೊಡತಿ ಕೆಳಗಿಟ್ಟ ಮೇಲೆ ಅದು ನಮ್ಮ ಹಿಂದೆಯೇ ಮನೆಗೆ ಬರುತ್ತದೆ.

ನನ್ನ ಬಲಕ್ಕೆ ಕೂರುತ್ತಿದ್ದವಳು ಕುಲಸುಮಬೀ. ಮನಿಯಾರ ತಾಲೀಮಿನ ಓಣಿಯವಳು, ಚಿಕ್ಕಂದಿನಿಂದ ಮಾಳಿಗೆ ಬಡಿದವಳು. ಈ ಊರಿನ ಅರ್ಧ ಮನೆಗಳ ಮಾಳಿಗೆಗೆ ತನ್ನ ಕೈ ತಾಗಿದೆ ಎಂದು ನಗುತ್ತಾಳೆ. ಒಂದು ದಿನ ಬುತ್ತಿ ಬಿಚ್ಚಿದಾಗ ಅವಳು ರೊಟ್ಟಿ ಮುರಿಯಲು ಹೋದಳು, ಬೆರಳು ಮಡಚಲೇ ಇಲ್ಲ. ನಾನು ಮುರಿದು ಕೊಟ್ಟೆ.

"ಎಷ್ಟು ದಿನದಿಂದ ಹಿಂಗ?" ಎಂದೆ.

"ಯಾವಾಗ ಹೋತು ಅಂತ ನಂಗೂ ಗೊತ್ತಿಲ್ಲ ಮಾ" ಎಂದಳು. "ಮೊದಮೊದಲ ರಾತ್ರಿ ಹೊತ್ತು ಜುಮ್ ಜುಮ್ ಅಂತಿತ್ತು. ಈಗ ಏನೂ ಅನ್ನಂಗಿಲ್ಲ. ಮೊನ್ನಿ ಒಲಿ ಮ್ಯಾಲಿನ ಸುಡು ಸುಡು ಹಂಚು ಹಿಡದೀನಿ, ಸೊಸಿ ಆಬೇದಾ ಚೀರಿದ ಮ್ಯಾಲೇ ಗೊತ್ತಾಯ್ತು. ಈ ಕೈಗೆ ಕೊಡತಿ ಒಂದೇ ನೆನಪದ, ಉಳದದ್ದೆಲ್ಲ ಮರತಾವ."

ಅವಳು ಅದನ್ನು ನಗುತ್ತಲೇ ಹೇಳಿದಳು. ಅವಳ ತಲೆಯನ್ನು ಈಗ ಸೊಸೆಯೇ ಬಾಚಬೇಕು.

ನಿನ್ನ ಭಾವನದು ಬೇರೆ ಕಥೆ. ಅವರು ಕೆಳಗೆ ಒಳಮಾಳಿಗೆಗೆ ಸುಣ್ಣದ ಗಾರೆ ಹಚ್ಚುವವರು. ದಿನವಿಡೀ ಮುಖ ಮೇಲೆ, ಕೈ ಮೇಲೆ. ಗಾರೆ ಕಣ್ಣಿಗೆ ಸಿಡಿಯುತ್ತದೆ, ಕತ್ತು ಹಾಗೆಯೇ ನಿಂತುಬಿಡುತ್ತದೆ. ಮನೆಗೆ ಬಂದರೂ ಅರ್ಧ ಗಳಿಗೆ ಜಂತಿ ನೋಡುತ್ತಲೇ ಇರುತ್ತಾರೆ. "ಏನ್ ನೋಡ್ಲತ್ತೀರಿ?" ಅಂದರೆ "ನೋಡವಲ್ಲೆ, ಕತ್ತ ಇಳಿವಲ್ಲದು" ಅನ್ನುತ್ತಾರೆ. ಕುಸುಬಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತೇನೆ. ಕೆಮ್ಮು ಮಾತ್ರ ಎಣ್ಣೆಗೆ ಬಗ್ಗುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಕೈ ಸೋತಿತು. ಒಲೆ ಹಚ್ಚಿ, ಬೇಳೆ ಬೇಯಲಿಟ್ಟು ಬಂದೆ. ಈಗ ಮುಂದಿನದು.

ಮುಂಗಾರಿನ ಮಿರಗದ ಮಳೆ ಹತ್ತಿರ ಬಂದ ಹಾಗೆ ಮೇಸ್ತ್ರಿ ಮುನೀರೋದ್ದೀನರಿಗೆ ನಿದ್ದೆ ಹೋಯಿತು. ಅವರು ಕೆಟ್ಟವರಲ್ಲ. ಈದಿಗೆ ಎಲ್ಲರಿಗೂ ಶೀರಖುರ್ಮಾ ಕೊಡಿಸಿದವರು. ಆದರೆ ಮಳೆಗಿಂತ ಮೊದಲು ಮಾಳಿಗೆ ಮುಗಿಯಬೇಕೆಂದು ಮೇಲಿನಿಂದ ಹುಕುಮು. ನಡುವೆ ಎದ್ದು ಕಾಲಾಡಿಸಿ ಬರುವುದನ್ನು ನಿಲ್ಲಿಸಿದರು. ನೀರಿನ ಕೊಡವನ್ನೂ ಕೆಳಗೇ ಇಡಿಸಿದರು, ಯಾಕೆಂದರೆ ಕುಡಿದವರು ಹೊರಗೆ ಹೋಗಲು ಏಳುತ್ತಾರೆ. ಹೆಂಗಸರು ಆ ಭಯಕ್ಕೆ ನೀರು ಕುಡಿಯುವುದನ್ನೇ ಬಿಟ್ಟರು. ಹಸಿ ಸುಣ್ಣ ಪಾದದ ಸಂದಿನಲ್ಲಿ ಹೊಕ್ಕು ಚರ್ಮ ಬಿರಿದು, ಸಂಜೆ ಏಣಿ ಇಳಿಯುವಾಗ ಒಬ್ಬೊಬ್ಬರೂ ಮೆಟ್ಟಿಲಿಗೊಮ್ಮೆ "ಯವ್ವಾ" ಅನ್ನುತ್ತಿದ್ದರು.

ಕೂರಲು ಗೋಣಿಚೀಲವನ್ನಾದರೂ ಕೊಡಿ ಎಂದು ಕುಲಸುಮಬೀ ಕೇಳಿದಳು. ಮೇಸ್ತ್ರಿ ನಕ್ಕರು. "ಮಾಳಿಗಿ ಮ್ಯಾಲ ಗಾದಿ ಹಾಸಿ ಲೋಡ ಇಡ್ಲೇನ್ರಿ ಖಾಲಾ? ಮಳಿ ಬಂದ್ರ ನನ್ ಕುತ್ತಿಗಿ ಹೋಗ್ತದ." ನಾವೂ ನಕ್ಕೆವು. ನಗದೆ ಏನು ಮಾಡುವುದು.

ಅದಾದ ಎರಡು ದಿನಕ್ಕೆ, ನೆತ್ತಿಯ ಮೇಲೆ ಹೊತ್ತು ಬಂದಾಗ, ಹಾಡಿನ ನಡುವೆ ನನ್ನ ದನಿ ನಿಂತಿತು. ಮುಂದಿನ ಸೊಲ್ಲು ಎತ್ತಿಕೊಡಲಿಲ್ಲ.

ಹೇಗೆ ಹೇಳಲಿ ನಿನಗೆ. ಮೊದಲು ನನ್ನ ಪಕ್ಕದ ಕೊಡತಿ ನಿಂತಿತು, ಆಮೇಲೆ ಅದರ ಪಕ್ಕದ್ದು. ತುದಿಯಲ್ಲಿ ಕೂತವರು ಇನ್ನೊಂದಿಷ್ಟು ಬಡಿದರು, ಹಾಡು ಬಾರದ್ದಕ್ಕೆ ಕೈ ತಪ್ಪಿ ಅವರೂ ನಿಂತರು. ಇಷ್ಟು ದಿನ ಆ ಓಣಿಯ ಮೇಲೆ ಕೂತಿದ್ದ ಸದ್ದು ಹಕ್ಕಿಯ ಹಾಗೆ ಎದ್ದು ಹೋಯಿತು. ಗಾಣದ ಎತ್ತಿನ ಗಂಟೆ ಕೇಳಿತು. ಎಲ್ಲೋ ಯಾರೋ ಕೂಸಿಗೆ ಜೋಗುಳ ಹಾಡುತ್ತಿದ್ದದ್ದು ಕೇಳಿತು. ಕೆಳಗೆ ಬೀದಿಯಲ್ಲಿ ಹೋಗುವವರು ನಿಂತು ಮೇಲೆ ನೋಡಿದರಂತೆ.

ಮೇಸ್ತ್ರಿ ಓಡಿ ಏಣಿ ಹತ್ತಿದರು. ರುಮಾಲು ಕೈಯಲ್ಲಿ, ಮುಖದಲ್ಲಿ ರಕ್ತವಿಲ್ಲ.

"ಯಾಕ ನಿಂತೀರಿ? ಗಚ್ಚು ಆರ್ಲತ್ತದ! ಶೇವಂತಾಬಾಯಿ, ಹಾಡ್ರಿ!"

ನಾನು ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿ ಕೂತಲ್ಲೇ ಕೂತಿದ್ದೆ.

"ಏಳ್ರಿ ಹಂಗಾರ. ಹಾಡೋದಿಲ್ಲಂದ್ರ ಎದ್ದು ಮನಿಗಿ ಹೋಗ್ರಿ. ಬ್ಯಾರೆ ಯಾರರೆ ಹಾಡ್ತಾರ."

ನಾನು ಏಳಲೂ ಇಲ್ಲ. ಆಗ ಕುಲಸುಮಬೀ ತನ್ನ ಕೊಡತಿಯನ್ನು ಅವರ ಕಾಲ ಬಳಿ ಇಟ್ಟು ಎದ್ದು ನಿಂತಳು. ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅಂದೇ ನೋಡಿದ್ದು.

"ಆಕಿ ಏಳಂಗಿಲ್ಲ ಸಾಬ. ಆಕಿ ಹಾಡಂಗಿಲ್ಲ, ನಾವು ಬಡಿಯಂಗಿಲ್ಲ. ನನ್ನ ಕಡಿ ನೋಡ್ರಿ, ಆಕಿ ಕಡಿ ನೋಡಬ್ಯಾಡ್ರಿ. ಈ ಕೈ ನೋಡ್ರಿ. ಮುಷ್ಟಿ ಕಟ್ಟು ಅನ್ರಿ, ಕಟ್ಟಂಗಿಲ್ಲ. ನಿಮ್ಮ ಮಾಳಿಗಿ ನೂರು ವರ್ಷ ಇರ್ತದ. ನಾವು ಮುಂದಿನ ಮಳಿಗಾಲ ನೋಡಬೇಕೋ ಬ್ಯಾಡೋ?"

"ಏನ್ ಬೇಕು ಅಂತ ಹೇಳ್ರಿ, ಜಲ್ದಿ ಹೇಳ್ರಿ!" ಅವರು ಗಚ್ಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.

"ಕುಂಡ್ರಾಕ ಗೋಣಿಚೀಲ. ನೀರಿನ ಕೊಡ ಮ್ಯಾಲ. ಅರ್ಧ ಮಂದಿ ಬಡಿತೀವಿ, ಅರ್ಧ ಮಂದಿ ಎದ್ದು ಕಾಲಾಡಸ್ತೀವಿ, ಆಮ್ಯಾಲ ಅದಲಾ ಬದಲಿ. ಮೊಣಕಾಲ ಹೋದವರಿಗಿ ನಿಂತ ಬಡಿಯಾಕ ಉದ್ದ ಕಾವಿನ ಕೊಡತಿ. ಕೈಗಿ ಎಣ್ಣಿ."

"ಇಷ್ಟೆಲ್ಲಾ..."

"ಗಚ್ಚು ಆರ್ಲತ್ತದ ಸಾಬ" ಎಂದಳು ಕುಲಸುಮಬೀ, ಅವರದೇ ದನಿಯಲ್ಲಿ.

ಅಷ್ಟರಲ್ಲಿ ಕೆಳಗೆ ಗಾರೆ ಹಚ್ಚುವವರೂ ಕೈ ನಿಲ್ಲಿಸಿ ಅಂಗಳಕ್ಕೆ ಬಂದು ಮೇಲೆ ನೋಡುತ್ತ ನಿಂತಿದ್ದರು, ನಿನ್ನ ಭಾವನೂ ಅವರೊಳಗೆ. ಮೇಸ್ತ್ರಿ ಒಮ್ಮೆ ಆಕಾಶ ನೋಡಿದರು, ಒಮ್ಮೆ ನಮ್ಮನ್ನು. ಪಡುವಲಲ್ಲಿ ಮೋಡ ಕಟ್ಟುತ್ತಿತ್ತು.

"ಆಯ್ತು ತಾಯಿ, ಆಯ್ತು. ಎಲ್ಲಾ ತರಸ್ತೀನಿ. ಮೊದಲ ಕೊಡತಿ ಎತ್ರಿ, ಕೈ ಮುಗಿತೀನಿ" ಎಂದರು.

ಆ ಹೊತ್ತಿನ ಹಾಡನ್ನು ಮಾತ್ರ ನನ್ನ ಹಿಂದಿನ ಸಾಲಿನ ಸತ್ಯಮ್ಮ ಎತ್ತಿಕೊಂಡಳು. ನನಗೆ ಬಿಸಿಲು ತಲೆಗೇರಿದೆ ಎಂದು ಹೇಳಿ ಕುಲಸುಮಬೀ ನನ್ನನ್ನು ಹಿಂದಿನ ಏಣಿಯಿಂದ ಇಳಿಸಿ ತನ್ನ ಮನೆಗೆ ಕರೆದೊಯ್ದಳು. ನಾನು ಮತ್ತೆ ಆ ಮಾಳಿಗೆ ಹತ್ತಲಿಲ್ಲ. ಮಳೆಗೆ ಒಂದು ದಿನ ಮೊದಲು ಅದು ಮುಗಿಯಿತು.

ಮೇಸ್ತ್ರಿ ಮಾತು ಉಳಿಸಿಕೊಂಡರು ಅನ್ನಬೇಕು. ಗೋಣಿಚೀಲ ಬಂದವು. ಮೊದಲ ದಿನ ಸುಖ, ಎರಡನೆಯ ದಿನ ಅವು ಸುಣ್ಣದ ನೀರು ಕುಡಿದು ಎಲ್ಲರ ಮೀನಖಂಡ ಸುಟ್ಟವಂತೆ. ದಿನವೂ ತೊಳೆದು ಒಣಗಿಸಬೇಕು ಎಂದು ಆಮೇಲೆ ತಿಳಿಯಿತು. ಉದ್ದ ಕಾವಿನ ಕೊಡತಿ ಎಲ್ಲರಿಗೂ ಒಗ್ಗಲಿಲ್ಲ. ಬುಟ್ಟಿ ಹೊರುವವರ ಭಾರವನ್ನು ಯಾರೂ ಕೇಳಲಿಲ್ಲ, ನಾವೇ ಮರೆತೆವು. ಸುಣ್ಣ ಸುಣ್ಣವೇ. ಆದರೂ ಒಂದಿಷ್ಟು ಆಯಿತು. ಗಂಜಿನ ಹತ್ತಿರ ಬೇರೆ ಕಡೆ ಕೆಲಸ ಮಾಡುವ ಹೆಂಗಸರೂ ಈಗ ಕೆಲಸಕ್ಕೆ ಕೂರುವ ಮೊದಲು "ಗೋಣಿ ಎಲ್ಲಿ?" ಅನ್ನುತ್ತಾರಂತೆ. ಬಾವಿಯ ಕಟ್ಟೆಯಲ್ಲಿ ನನ್ನನ್ನು ಕಂಡವರು ದಾರಿ ಬಿಡುತ್ತಾರೆ. "ಒಂದ್ ಮಾತ ಆಡದೆ ಮೇಸ್ತ್ರಿನ್ನ ಬಗ್ಗಿಸಿದಾಕಿ" ಎಂದು ಒಬ್ಬರಿಗೊಬ್ಬರು ತೋರಿಸುತ್ತಾರೆ. ನಿನ್ನ ಭಾವನ ಜೊತೆಯವರು ಅವರ ಬೆನ್ನು ತಟ್ಟಿದರಂತೆ. ಅವರು ಗಾರೆಯ ಕರಣೆ ಎತ್ತಿಕೊಂಡು ಕೆಲಸಕ್ಕೆ ಹೋದರಂತೆ.

ಈಗ ಒಳಗೆ ನೆಲಕ್ಕೆ ಗಚ್ಚು ಬಡಿಯುವ ಕೆಲಸ ಸುರುವಾಗುತ್ತಿದೆ. ನೆರಳಿದೆ, ಗೋಣಿ ಇದೆ, ಏಣಿ ಹತ್ತಬೇಕಿಲ್ಲ ಎಂದು ನೀನು ವಾದ ಹೂಡುತ್ತೀ. ನನಗೆ ಬೇಡ ಆ ವಾದ. ಒಡಲಲ್ಲಿ ಕೂಸು ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಹಗಲೆಲ್ಲ ಬಡಿಯುವುದು ಬೇಡ. ಹೊಲದಲ್ಲಿಯೂ ಬಗ್ಗಿ ಬಗ್ಗಿ ಕಳೆ ತೆಗೆಯಲು ಹೋಗಬೇಡ, ಭಾರದ ಕೊಡ ಎತ್ತಬೇಡ. ದಾಹವಾದಾಗ ನೀರು ಕುಡಿ, ಸಾಕೆನಿಸಿದಾಗ ಮಲಗು. ಏಳನೆಯ ತಿಂಗಳಲ್ಲಿ ಅತ್ತೆಯವರನ್ನು ಕೇಳಿಕೊಂಡು ಖಟಕ ಚಿಂಚೋಳಿಗೆ ಅವ್ವನ ಬಳಿ ಹೋಗು. ಬಂಡಿಯಲ್ಲಿ ದಪ್ಪಗೆ ಹುಲ್ಲು ಹಾಸಿಸಿಕೋ, ಎತ್ತನ್ನು ಓಡಿಸಬೇಡಿ ಎಂದು ಹೇಳು. ಹಾವಗೆಪ್ಪನ ಕೈಯಲ್ಲಿ ಒಂದು ಸೀರೆ, ಸ್ವಲ್ಪ ಒಣಖರ್ಜೂರ ಕಳಿಸಿದ್ದೇನೆ. ಖರ್ಜೂರ ಕುಲಸುಮಬೀ ಕೊಟ್ಟದ್ದು. "ಸಣ್ಣಾಕಿಗಿ ಕೊಡು, ದಿನಾ ಎರಡು ತಿನ್ನಲಿ" ಎಂದಳು.

ನಿನ್ನ ಯಜಮಾನರಿಗೆ ನಮ್ಮಿಬ್ಬರ ಶರಣು. ಅತ್ತೆಯವರ ಪಾದಕ್ಕೆ ನನ್ನ ಶರಣಾರ್ಥಿ ಮುಟ್ಟಿಸು. ನಿನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಅಕ್ಕ ಹರಸಿದಳೆಂದು ಹೇಳು, ಒಳಗಿನವರಿಗೆ ಕೇಳುತ್ತದೆ. ತಾಯಿ ಕೂಸು ಇಬ್ಬರೂ ಎರಡಾಗಿ ಸುಖವಾಗಿರಿ. ಬಸವಣ್ಣ ಕಾಯಲಿ.

ಎಂದೆಂದಿಗೂ ನಿನ್ನ ಅಕ್ಕ,
ಶೇವಂತಾಬಾಯಿ

ತಾಜಾ ಕಲಂ: ಅತ್ತೆಯವರ ಮುಂದೆ ಪತ್ರ ಓದುವಾಗ ನನ್ನ ಹೆಸರಿನ ಹತ್ತಿರ ನಿಲ್ಲಿಸಿಬಿಡು. ಇದು ನಿನಗೊಬ್ಬಳಿಗೆ.

ಅಂದು ನಾನು ಯಾರಿಗಾಗಿಯೂ ಹಾಡು ನಿಲ್ಲಿಸಲಿಲ್ಲ ಕಸ್ತೂರಿ. ನನಗೂ ಮೂರನೆಯ ತಿಂಗಳು ನಡೆದಿತ್ತು. ಒಂಬತ್ತು ವರ್ಷಕ್ಕೆ ಮೊದಲ ಸಲ. ನಿನ್ನ ಭಾವನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ನಿನಗೆ ಉತ್ತರ ಬರೆಯಲು ಕೂತರೆ ಈ ಸುದ್ದಿಯೂ ಕೈಯಿಂದ ಜಾರಿಬಿಡುತ್ತದೆ, ಮೂರು ತುಂಬಲಿ ಎಂದು ತಡೆದೆ. ಇವರು "ಮಾಳಿಗಿ ಹತ್ತಬ್ಯಾಡ" ಅಂದಿದ್ದರು. ಇದೊಂದು ಮುಗಿಯಲಿ ಅಂದೆ. ಬೆಳಗಿನಿಂದ ನಡು ಹಿಡಿದಿತ್ತು, ಹಾಡುತ್ತಾ ಹಾಡುತ್ತಾ ಅದು ತಿಳಿಯಲಿಲ್ಲ. ತಿಳಿದಾಗ ಸೊಲ್ಲು ಬಾಯಿಂದ ಬರಲಿಲ್ಲ, ಕೂತಲ್ಲಿಂದ ಏಳುವ ಹಾಗಿರಲಿಲ್ಲ. ನನ್ನ ಸೀರೆಯನ್ನು ಮೊದಲು ನೋಡಿದವಳು ಕುಲಸುಮಬೀ. ಎಲ್ಲರ ಕಣ್ಣು ನನ್ನ ಮೇಲೆ ಬೀಳದಿರಲಿ ಎಂದೇ ಅವಳು ಎದ್ದು ನಿಂತು ಅಷ್ಟೆಲ್ಲ ಮಾತಾಡಿದ್ದು. ಆಮೇಲೆ ತನ್ನ ಚಾದರ ಹೊದಿಸಿ ಇಳಿಸಿಕೊಂಡು ಹೋದಳು. ಕೊಡತಿಯಿಂದ ಆಯಿತೋ, ಏಣಿಯಿಂದಲೋ, ಆಗುವುದೇ ಇತ್ತೋ, ಸೂಲಗಿತ್ತಿಯೂ ಹೇಳಲಿಲ್ಲ. ಇವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಿನ್ನ ಕೂಸು ಹುಟ್ಟಿದ ಮೇಲೆ ತೊಟ್ಟಿಲಿಗೆ ಹಾಕುವ ದಿನ ಚಿಂಚೋಳಿಗೆ ಬರುತ್ತೇನೆ. ಕಳೆದುಕೊಂಡವಳ ಕೈಗೆ ಹಸುಗೂಸು ಕೊಡಬಾರದೆಂದು ಹಿರಿಯರು ಅನ್ನುತ್ತಾರೆ, ಅದಕ್ಕೇ ಇದನ್ನು ಅತ್ತೆಯವರಿಂದ ಮುಚ್ಚಿಡು ಅಂದದ್ದು. ನೀನು ಮಾತ್ರ ಅಂಜಬೇಡ. ನನ್ನ ತೊಡೆಯ ಮೇಲೆ ಹಾಕು. ನನಗೆ ಅಳು ಬಂದರೂ ಬರಬಹುದು. ಬಂದರೆ, ತಕ್ಷಣ ತಿರುಗಿ ಎತ್ತಿಕೊಳ್ಳಬೇಡ ತಂಗಿ, ಸ್ವಲ್ಪ ಹೊತ್ತು ಬಿಡು.